ಟ್ರಂಕಿನ ನುಸಿಗುಳಿಗೆ, ಕೂಸಿನ ರಕ್ತಕಣ

ಬಾಣಂತನಕ್ಕೆಂದು ಟ್ರಂಕು ತೆರೆದು ಹಳೇ ಸೀರೆ, ಕುಲಾವಿ ತೆಗೆದರೆ ಮೊದಲು ಮೂಗಿಗೆ ಅಡರುವುದು ನುಸಿಗುಳಿಗೆಯ ಘಾಟು. ಅದು ನ್ಯಾಫ್ತಲಿನ್ ಆವಿ. ಆ ಬಟ್ಟೆಯಲ್ಲಿ ಸುತ್ತಿದ ಕೂಸುಗಳಲ್ಲಿ ಹೆಚ್ಚಿನವು ಆರಾಮಾಗಿರುತ್ತವೆ. ಕೆಲವು ಮಾತ್ರ ದಿನಗಳಲ್ಲೇ ಬಿಳಿಚಿಕೊಂಡು ಕಾಮಾಲೆಗೆ ತಿರುಗುತ್ತವೆ. ಮೂತ್ರ ಚಹಾ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ.

ಇಲ್ಲಿ ಕೇಡಿಗೆ ದಾರಿ ಮಾಡುವುದು ಯಕೃತ್ತೇ. ನ್ಯಾಫ್ತಲಿನ್ನನ್ನು ಹೊರಹಾಕುವ ಉಸಾಬರಿಯಲ್ಲಿ ಅದನ್ನು ನ್ಯಾಫ್ತಾಲ್, ಕ್ವಿನೋನ್‌ಗಳಾಗಿ ಮಾರ್ಪಡಿಸುತ್ತದೆ. ಕ್ವಿನೋನ್ ಜೀವಕೋಶದಿಂದ ಎಲೆಕ್ಟ್ರಾನ್ ಕಿತ್ತು ಆಮ್ಲಜನಕಕ್ಕೆ ದಾಟಿಸುತ್ತದೆ, ಬರಿಗೈಯಾಗಿ ಮತ್ತೊಂದಕ್ಕೆ ಕೈಚಾಚುತ್ತದೆ. ಹೀಗೆ ಒಂದೇ ಅಣು ಮತ್ತೆ ಮತ್ತೆ ದುಡಿದು ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಉತ್ಕರ್ಷಣ ಒತ್ತಡ ಎನ್ನುವುದು ಇದನ್ನೇ.

ಇದನ್ನು ತಣಿಸಲು ಕೆಂಪು ರಕ್ತಕಣದಲ್ಲಿ ಗ್ಲುಟಾಥಯೋನ್ ಇದೆ. ಬಳಕೆಯಾದ ಗ್ಲುಟಾಥಯೋನನ್ನು ಮತ್ತೆ ಸಜ್ಜುಗೊಳಿಸಲು ಎನ್‌ಎಡಿಪಿಎಚ್ ಎಂಬ ಅಣು ಬೇಕು. ಮೈಟೊಕಾಂಡ್ರಿಯಾ ಇಲ್ಲದ ಕೆಂಪು ರಕ್ತಕಣ ಅದಕ್ಕೆ ನೆಚ್ಚಿಕೊಂಡಿರುವುದು ಜಿ6ಪಿಡಿ ಎಂಬ ಕಿಣ್ವದಿಂದ ಶುರುವಾಗುವ ಒಂದೇ ದಾರಿಯನ್ನು. ಆ ಕಿಣ್ವ ಸೊರಗಿದ್ದರೆ ಹಿಮೋಗ್ಲೋಬಿನ್ ಕೆಟ್ಟು ಗಂಟುಗಟ್ಟುತ್ತದೆ, ಕಣ ಒಡೆಯುತ್ತದೆ. ಒಡೆದ ಕಣಗಳಿಂದ ಬರುವ ಬಿಲಿರುಬಿನ್ ನಿಭಾಯಿಸುವಷ್ಟು ನವಜಾತ ಶಿಶುವಿನ ಯಕೃತ್ತು ಬಲಿತಿರುವುದಿಲ್ಲ. ಬಿಲಿರುಬಿನ್ ವಿಪರೀತ ಏರಿದರೆ ಮಿದುಳಿಗೇ ಪೆಟ್ಟು.

ಈ ಕೊರತೆ ಬೆಳಕಿಗೆ ಬಂದದ್ದು ಮಲೇರಿಯಾದ ನೆಪದಲ್ಲಿ. ಮಲೇರಿಯಾದ ಔಷಧವಾದ ಪ್ರಿಮಾಕ್ವಿನ್ ಕೆಲವರ ರಕ್ತಕಣಗಳನ್ನೇಕೆ ಒಡೆಯುತ್ತದೆಂದು ಅಮೆರಿಕದ ಇಲಿನಾಯ್ಸ್ ಜೈಲಿನ ಕೈದಿಗಳ ಮೇಲೆ ಪರೀಕ್ಷೆ ನಡೆಯಿತು (ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಕೆಲಸ). 1956ರಲ್ಲಿ ಕಾರಣ ಸಿಕ್ಕಿತು: ಜಿ6ಪಿಡಿ ಕೊರತೆ. ಮೆಡಿಟರೇನಿಯನ್ ಸೀಮೆಯಲ್ಲಿ ಫಾವಾ ಬೀನ್ಸ್ ತಿಂದು ಕೆಲವರು ಕಾಯಿಲೆ ಬೀಳುತ್ತಿದ್ದುದಕ್ಕೂ ಇದೇ ಮೂಲ. ನಮ್ಮ ಅವರೆಕಾಯಿ ಬೇರೆಯೇ ಗಿಡ, ಗಾಬರಿ ಬೇಡ. ಮಂಗಳೂರಿನಂಥ ಮಲೇರಿಯಾದ ಊರಿನಲ್ಲಿ ಮಾತ್ರ ಪ್ರಿಮಾಕ್ವಿನ್‌ಗೆ ಮುನ್ನ ಜಿ6ಪಿಡಿ ನೋಡುವುದು ಲೇಸು.

ಕೊರತೆಯ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳೇ ಹೆಚ್ಚು ಬಾಧಿತರು. ಪತ್ತೆಗೆ ಸಣ್ಣ ರಕ್ತಪರೀಕ್ಷೆ ಸಾಕು. ಆದರೆ ಕಣಗಳು ಒಡೆದ ಬೆನ್ನಿಗೇ ಪರೀಕ್ಷಿಸಿದರೆ ಫಲಿತಾಂಶ ನಾರ್ಮಲ್ ಎಂದೂ ಬರಬಹುದು: ಕಿಣ್ವ ಸೊರಗಿದ ಮುದಿ ಕಣಗಳು ಆಗಲೇ ಸತ್ತು, ಕಿಣ್ವ ತುಸು ಹೆಚ್ಚಿರುವ ಎಳೆಯವು ಮಾತ್ರ ಉಳಿದಿರುತ್ತವೆ. ಅದಕ್ಕೇ ಅನುಮಾನವಿದ್ದರೆ ವೈದ್ಯರು ಎರಡು-ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸುತ್ತಾರೆ.