ಹಿತ್ತಲಿಗೆ ತಕ್ಕ ಹುಲ್ಲುಕತ್ತರಿ

ಮಳೆಗಾಲ ಮುಗಿದು ದಸರೆ ಬರುವ ಹೊತ್ತಿಗೆ ನಮ್ಮ ಮನೆಗಳಿಗೆ ಎರಡು ಮುಖಗಳಿರುತ್ತವೆ. ಬೀದಿಯ ಕಡೆಯದು ರಂಗೋಲಿ ತೋರಣಗಳಿಂದ ನಗುವ ಮುಖ. ಹಿತ್ತಲ ಕಡೆಯದು ತಿಂಗಳುಗಟ್ಟಲೆ ಕ್ಷೌರ ಕಾಣದ ಮುಖ. ಜೂನ್ ತಿಂಗಳಲ್ಲಿ ಕಣ್ಣಿಗೆ ತಂಪೆನಿಸಿದ್ದ ಎಳೆಯ ಹಸಿರು ಅಕ್ಟೋಬರಿನಲ್ಲಿ ಮೊಳಕಾಲನ್ನು ದಾಟಿ ಸೊಂಟವನ್ನು ಮುಟ್ಟಿರುತ್ತದೆ. ಬಟ್ಟೆ ಒಣಹಾಕುವ ತಂತಿಯವರೆಗೆ ಮಾತ್ರ ಒಂದು ಕಾಲುದಾರಿ. ಅದರಾಚೆಗೆ ಏನಿದೆಯೆಂಬುದನ್ನು ಮನೆಯ ಬೆಕ್ಕೇ ಹೇಳಬೇಕು.

ಆಗ ಅಡಿಗೆಮನೆಯ ಬಾಗಿಲಿನಿಂದ ಒಂದು ಮಾತು ಹೊರಡುತ್ತದೆ: "ಒಂದು ಯಂತ್ರವನ್ನಾದರೂ ತಂದುಬಿಡಬಾರದೆ?" ಕುಡುಗೋಲು ಹಿಡಿದು ಬರುತ್ತಿದ್ದ ಆಳು ಈಗ ಕರೆದಾಗ ಸಿಕ್ಕುವುದಿಲ್ಲವಾದ್ದರಿಂದ ಈ ಪ್ರಶ್ನೆ ಸಹಜವೇ. ಕಳೆದ ವರ್ಷ ನಮ್ಮ ಮನೆಯಲ್ಲಿಯೂ ಅದು ಹುಟ್ಟಿತು. ನಾನು ಹಿಂದುಮುಂದು ನೋಡದೆ ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಬಲಶಾಲಿಯಾದ ಯಂತ್ರವನ್ನು ತಂದೆನು. ಹುಲ್ಲು ಹೋಯಿತು. ಅದರೊಡನೆ, ತಂದೆಯವರು ತಮ್ಮ ಕೊನೆಯ ವರ್ಷದಲ್ಲಿ ನೆಟ್ಟಿದ್ದ ನಿಂಬೆಯ ಗಿಡವೂ ಹೋಯಿತು. ಆ ತಪ್ಪು ಮತ್ತೊಬ್ಬರಿಂದ ಆಗದಿರಲೆಂದೇ ಈ ಲೇಖನ.

ಹುಲ್ಲು ಕತ್ತರಿಸುವ ಯಂತ್ರಗಳ ಕುಲ ಹಳೆಯದು. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಯ ಬಟ್ಟೆಯ ಮೇಲಣ ನವಿರನ್ನು ಸವರುವ ಗಿರಣಿಯ ಯಂತ್ರದ ಮಾದರಿಯಲ್ಲಿ, ತಳ್ಳಿಕೊಂಡು ಹೋಗುವ ಲಾನ್ ಮೋವರನ್ನು ರಚಿಸಿ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಅದು ಸಮತಟ್ಟಾದ ಹುಲ್ಲುಹಾಸಿಗೆ ಹೇಳಿಸಿದ್ದು. ಒಗೆಯುವ ಕಲ್ಲು, ಬಾವಿಯ ಕಟ್ಟೆ, ತೆಂಗಿನ ಬುಡ, ಮನೆ ಕಟ್ಟಿದಾಗ ಉಳಿದ ಇಟ್ಟಿಗೆಯ ರಾಶಿ ಇವೆಲ್ಲ ಸೇರಿದ ನಮ್ಮ ಹಿತ್ತಲಲ್ಲಿ ಅದರ ಗಾಲಿಯೇ ಉರುಳದು. ಇಂಥ ಸಂದುಗೊಂದುಗಳಿಗೆ ಮದ್ದನ್ನು ಕಂಡುಹಿಡಿದವನು ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬ್ಯಾಲಸ್. 1971ರಲ್ಲಿ ಕಾರು ತೊಳೆಯುವ ಯಂತ್ರದೊಳಗೆ ಕುಳಿತಿದ್ದಾಗ, ಗರಗರನೆ ತಿರುಗುವ ಕುಂಚಗಳು ಮೂಲೆಮೂಲೆಗೂ ನುಗ್ಗಿ ಉಜ್ಜುವುದನ್ನು ಅವನು ಕಂಡನು. ಮನೆಗೆ ಬಂದು ಒಂದು ಖಾಲಿ ಡಬ್ಬಿಗೆ ಮೀನುಗಾಳದ ದಾರದ ತುಂಡುಗಳನ್ನು ಸಿಕ್ಕಿಸಿ ತಿರುಗಿಸಿ ನೋಡಿದನು. ಹುಲ್ಲು ಕತ್ತರಿಸಿ ಬಿದ್ದಿತು. ಇಂದು ನಾವು ಟ್ರಿಮ್ಮರ್ ಎಂದು ಕರೆಯುವ ಯಂತ್ರದ ಜನನ ಹೀಗಾಯಿತು. ಮೆತ್ತನೆಯ ನೈಲಾನ್ ದಾರವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದಾಗ ಕತ್ತಿಯಾಗುತ್ತದೆ. ಇದೇ ಅದರ ಗುಟ್ಟು.

ಯಂತ್ರವನ್ನು ಆರಿಸುವ ಮೊದಲು ಹಿತ್ತಲನ್ನು ಒಮ್ಮೆ ಸುತ್ತಿ ನೋಡತಕ್ಕದ್ದು. ಉದ್ದನೆಯ ಕೋಲಿನಿಂದ ಮುಂದಿನ ಹುಲ್ಲನ್ನು ಬಡಿಯುತ್ತ, ಮುಚ್ಚಿದ ಬೂಟು ಧರಿಸಿ ಹೋಗಬೇಕು. ಎತ್ತರದ ಹುಲ್ಲಿನಲ್ಲಿ ಇಲಿ, ಇಲಿಯ ಹಿಂದೆ ಹಾವು ಇರುವುದುಂಟು. ಗರಿಕೆ ಮುಂತಾದ ಮೆದುವಾದ ಹುಲ್ಲೇ ಹೆಚ್ಚಾಗಿದ್ದರೆ ನೈಲಾನ್ ದಾರ ಸಾಕು. ಲಂಟಾನದಂತಹ ಕಟ್ಟಿಗೆಯಾದ ಕಾಂಡಗಳಿಗೆ ಲೋಹದ ಅಲಗುಳ್ಳ ಬ್ರಷ್ ಕಟರ್ ಬೇಕಾಗುವುದು. ಆದರೆ ಆ ಅಲಗು ಕಲ್ಲಿಗೋ ಗೋಡೆಗೋ ತಗಲಿದರೆ ಯಂತ್ರವೇ ಹಿಂದಕ್ಕೆ ಎಗರುತ್ತದೆ. ಅಂಥ ಪೊದೆಗಳು ನಾಲ್ಕೈದೇ ಇದ್ದರೆ ಮಚ್ಚಿನಿಂದ ಕಡಿಸುವುದು ಲೇಸು.

ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಮ್ಮಿಗೆ ಮಾತ್ರ ಯಾವ ಯಂತ್ರವೂ ಸಲ್ಲದು. ಕತ್ತರಿಸಿದರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ; ಅದರ ಚೂರುಗಳು ಮೈಮೇಲೆ ಸಿಡಿದರೆ ಅನೇಕರಿಗೆ ಚರ್ಮದಲ್ಲಿ ತುರಿಕೆ ಹುಣ್ಣುಗಳಾಗುತ್ತವೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು.

ಇನ್ನು ಅಳತೆಯ ಮಾತು. 30 ಅಡಿಗೆ 40 ಅಡಿಯ ನಿವೇಶನವೆಂದರೆ 1,200 ಚದರ ಅಡಿ; ಒಂದು ಗುಂಟೆಗೆ 1,089 ಚದರ ಅಡಿ. ಮನೆ ಕಟ್ಟಿ ಉಳಿಯುವ ಹಿತ್ತಲು ಗುಂಟೆಯ ಒಂದು ಪಾಲಷ್ಟೇ. ಅಷ್ಟಕ್ಕೆ ವಿದ್ಯುತ್ ತಂತಿಯಿಂದ ನಡೆಯುವ ಹಗುರವಾದ ಟ್ರಿಮ್ಮರ್ ಸಾಕು. ಬೆಲೆಯೂ ಕಡಮೆ, ಆರೈಕೆಯೂ ಕಡಮೆ. ಆದರೆ ತಂತಿ ಸದಾ ಬೆನ್ನ ಹಿಂದೆಯೇ ಇರಬೇಕು, ಹುಲ್ಲು ಒಣಗಿರಬೇಕು, ಮನೆಯ ವಿದ್ಯುತ್ ಸಂಪರ್ಕಕ್ಕೆ ಸೋರಿಕೆಯಾದೊಡನೆ ಕಡಿದುಹಾಕುವ ಆರ್‌ಸಿಸಿಬಿ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಪ್ರಾಣಾಪಾಯ.

ತಂತಿಯ ಗೊಡವೆ ಬೇಡವೆನ್ನುವವರಿಗೆ ಬ್ಯಾಟರಿಯ ಯಂತ್ರವುಂಟು. ಇದನ್ನು ಕೊಳ್ಳುವಾಗ ಒಂದು ಸಣ್ಣ ಗುಣಾಕಾರವನ್ನು ಮರೆಯಬಾರದು. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್ ಗಂಟೆಯಿಂದ ಗುಣಿಸಿರಿ. 18 ವೋಲ್ಟ್, 4 ಆಂಪಿಯರ್ ಗಂಟೆ ಎಂದರೆ 72 ವ್ಯಾಟ್ ಗಂಟೆಯ ಶಕ್ತಿ. ಮೋಟಾರು 300 ವ್ಯಾಟನ್ನು ಎಳೆದರೆ ಅದು ನಡೆಯುವುದು ಹೆಚ್ಚುಕಡಮೆ ಕಾಲು ಗಂಟೆ ಮಾತ್ರ! ಸಣ್ಣ ಹಿತ್ತಲಿಗೆ ಅದು ಸಾಕಾದೀತು; ದೊಡ್ಡದಕ್ಕೆ ಇನ್ನೊಂದು ಬ್ಯಾಟರಿ ಬೇಕು, ಅದರ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಪೆಟ್ರೋಲಿನ ಯಂತ್ರವು ಈ ಕುಲದ ಭೀಮಸೇನ. ಹಲವು ಗುಂಟೆಗಳ ಪೊದೆಯನ್ನೂ ದಿನವೊಪ್ಪತ್ತಿನಲ್ಲಿ ಮಲಗಿಸಬಲ್ಲದು. ಆದರೆ ಅದನ್ನು ಹೆಗಲಿಗೆ ಪಟ್ಟಿ ಕಟ್ಟಿ ಹೊರಬೇಕು. ಟೂ-ಸ್ಟ್ರೋಕ್ ಎಂಜಿನ್ನಾದರೆ ಪೆಟ್ರೋಲಿಗೆ ಕೈಪಿಡಿಯಲ್ಲಿ ಹೇಳಿದ ಪ್ರಮಾಣದಲ್ಲಿಯೇ ಎಣ್ಣೆಯನ್ನು ಬೆರೆಸಬೇಕು. ಫೋರ್-ಸ್ಟ್ರೋಕಿಗೆ ಆ ಬೆರಕೆ ಬೇಡ. ಅದರ ಆರ್ಭಟಕ್ಕೆ ನಡೆಸುವವನ ಕಿವಿಗೆ ರಕ್ಷೆ ಬೇಕು, ನೆರೆಯವರಿಗೆ ತಾಳ್ಮೆ ಬೇಕು. ವರ್ಷಕ್ಕೆರಡು ಬಾರಿಯ ಕೆಲಸಕ್ಕೆ ಇದನ್ನು ಕೊಂಡು ಮೂಲೆಯಲ್ಲಿಡುವುದಕ್ಕಿಂತ, ಯಂತ್ರಸಹಿತ ಬಂದು ಕೆಲಸ ಮಾಡಿಕೊಡುವವರಿಗೆ ಕೂಲಿ ಕೊಡುವುದೇ ವಿವೇಕ. ನಾನು ಕೊಂಡು ತಂದದ್ದು ಈ ಭೀಮಸೇನನನ್ನೇ ಎಂಬುದನ್ನು ಓದುಗರು ಊಹಿಸಿರಬಹುದು.

ನಡೆಸುವ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮೊದಲು ಕಲ್ಲು, ಗಾಜು, ತಂತಿಗಳನ್ನು ಆರಿಸಿ ತೆಗೆಯಿರಿ. ದಾರಕ್ಕೆ ಸಿಕ್ಕಿದ ಹರಳು ಗುಂಡಿನಂತೆ ಹಾರುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇಬೇಕು. ಓದುವ ಕನ್ನಡಕ ಆ ಕೆಲಸಕ್ಕೆ ಬಾರದು. ಇತರರು 15 ಮೀಟರ್ ದೂರವಿರಬೇಕೆಂಬುದು ಬ್ರಷ್ ಕಟರುಗಳಿಗೆ ಹೇಳುವ ಸಾಮಾನ್ಯ ನಿಯಮ. ನಮ್ಮ ಹಿತ್ತಲುಗಳಲ್ಲಿ ಅಷ್ಟು ಜಾಗವಿಲ್ಲದ್ದರಿಂದ ಮಕ್ಕಳನ್ನು ಒಳಗಿರಿಸಿ ಬಾಗಿಲು ಕಿಟಕಿಗಳನ್ನು ಮುಚ್ಚುವುದೇ ಸರಿ. ಸೊಂಟದೆತ್ತರದ ಹುಲ್ಲನ್ನು ಒಮ್ಮೆಗೇ ಬುಡದಿಂದ ಕತ್ತರಿಸಹೋದರೆ ಅದು ಯಂತ್ರದ ತಲೆಗೆ ಸುತ್ತಿಕೊಳ್ಳುತ್ತದೆ. ಮೇಲರ್ಧವನ್ನು ಮೊದಲು ಸವರಿ, ಬಳಿಕ ಕೆಳಗಿಳಿಯಿರಿ.

ಈಗ ನಿಂಬೆಯ ಗಿಡದ ಮಾತು. ಅದರ ಬುಡಕ್ಕೆ ಒತ್ತಿ ಬೆಳೆದ ಹುಲ್ಲನ್ನು ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ನಾನು ದಾರವನ್ನು ಸುತ್ತಲೂ ಆಡಿಸಿದೆನು. ಗಿಡ ಅಲುಗಲೂ ಇಲ್ಲ. ಬುಡದಲ್ಲಿ ಒಂದು ಬೆರಳಗಲದ ಬಿಳಿಯ ಉಂಗುರ ಮಾತ್ರ ಕಂಡಿತು; ಏನೂ ಆಗದೆಂದುಕೊಂಡೆನು. ಆದರೆ ಎಲೆಗಳು ತಯಾರಿಸಿದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಸುತ್ತಲೂ ತೊಗಟೆ ಸುಲಿದ ಮೇಲೆ ಬೇರು ಉಪವಾಸ ಬೀಳುತ್ತದೆ. ಕೆಲವು ವಾರಗಳಲ್ಲಿ ಎಲೆಗಳು ಹಳದಿಗಟ್ಟಿದವು, ಆಮೇಲೆ ಉದುರಿದವು. ತಾಯಿ ನನಗೆ ಏನನ್ನೂ ಅನ್ನಲಿಲ್ಲ. ಆ ವರ್ಷದ ಉಪ್ಪಿನಕಾಯಿಗೆ ಮಾರುಕಟ್ಟೆಯಿಂದ ಹಣ್ಣು ತರಿಸಿದರು, ಅಷ್ಟೆ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಹಗುರವಾಗಿ ಆಡುತ್ತೇವೆ. ಯಂತ್ರಕ್ಕಾದರೋ ಗಾದೆಯೂ ತಿಳಿಯದು. ಕಳೆ ಯಾವುದು, ಒಂದೆಲಗ ಯಾವುದು, ತುಂಬೆ ಯಾವುದೆಂಬ ಭೇದ ಅದಕ್ಕಿಲ್ಲ. ಆ ತಿಳಿವಳಿಕೆ ಅದನ್ನು ಹಿಡಿದ ಕೈಗೆ ಇರಬೇಕು. ಆದ್ದರಿಂದ ಉಳಿಸಬೇಕಾದ ಗಿಡಗಳಿಗೆ ಮೊದಲೇ ಒಂದೊಂದು ಕೋಲು ನೆಟ್ಟು ಬಟ್ಟೆಯ ಚೂರು ಕಟ್ಟಿರಿ. ಎಳೆಯ ಗಿಡಗಳ ಸುತ್ತ ಮೂರು ಅಡಿಯ ವೃತ್ತದೊಳಗೆ ಯಂತ್ರವನ್ನು ಬಿಡಬೇಡಿರಿ. ಅಲ್ಲಿ ಕೈಯಿಂದ ಕಿತ್ತು ಒಣ ಎಲೆಗಳನ್ನು ಹೊದಿಸಿರಿ.

ಈ ವರ್ಷ ನಮ್ಮಲ್ಲಿ ಸಣ್ಣದೊಂದು ಬ್ಯಾಟರಿಯ ಟ್ರಿಮ್ಮರ್ ಇದೆ. ಹಳೆಯ ಗಿಡವಿದ್ದಲ್ಲಿಗೆ ತುಸು ದೂರದಲ್ಲಿ ತಾಯಿ ಹೊಸ ನಿಂಬೆಯ ಸಸಿಯೊಂದನ್ನು ನೆಡಿಸಿದ್ದಾರೆ; ಅದು ಫಲ ಕೊಡಲು ಮೂರು ನಾಲ್ಕು ವರ್ಷಗಳಾದರೂ ಬೇಕು. ಅದರ ಸುತ್ತಲಿನ ಮೂರಡಿಯ ಹುಲ್ಲನ್ನು ಭಾನುವಾರಗಳಂದು ನಾನು ಕುಕ್ಕರಗಾಲಿನಲ್ಲಿ ಕುಳಿತು ಕುಡುಗೋಲಿನಿಂದಲೇ ತೆಗೆಯುತ್ತೇನೆ.