ಭೋಜನಶಾಲೆಯ ಸೈಡ್‌ಬೋರ್ಡು: ಅದರ ಲಕ್ಷಣವೂ ಪ್ರಾಚೀನತ್ವ ಪರೀಕ್ಷೆಯೂ

ಒಂದು ವಸ್ತುವು ಬಹುಕಾಲ ಉಳಿದುಬಂದಿರುವುದೆಂಬ ಮಾತ್ರದಿಂದ ಅದು ಚರಿತ್ರೆಗೆ ಸಾಕ್ಷಿಯಾಗಲಾರದು. ಯಾವ ಪ್ರಯೋಜನಕ್ಕಾಗಿ ಅದು ಹುಟ್ಟಿತೋ ಆ ಪ್ರಯೋಜನದ ಗುರುತುಗಳು ಅದರಲ್ಲಿ ಉಳಿದಿರಬೇಕು. ಕಲ್ಲು ಹಳೆಯದಾಗಿದ್ದರೂ ಅಕ್ಷರಗಳು ಅಳಿದುಹೋದ ಶಾಸನದಿಂದ ಚರಿತ್ರಕಾರನಿಗಾಗುವ ಉಪಕಾರವು ಅಲ್ಪವೇ ಸರಿ. ಮರದ ಸಾಮಾನುಗಳಿಗೂ ಈ ನ್ಯಾಯವು ಸಲ್ಲುವುದೆಂಬುದಕ್ಕೆ ಇಂಗ್ಲೆಂಡಿನ ಭೋಜನಶಾಲೆಗಳಲ್ಲಿ ಬಳಕೆಗೆ ಬಂದ ಸೈಡ್‌ಬೋರ್ಡು ಒಳ್ಳೆಯ ನಿದರ್ಶನವಾಗಿದೆ.

ಮೊದಲು ಹೆಸರನ್ನು ವಿಚಾರಿಸಬಹುದು. ಬೋರ್ಡು ಎಂದರೆ ಹಲಗೆ. ಹಳೆಯ ಇಂಗ್ಲಿಷಿನಲ್ಲಿ ಊಟದ ಮೇಜಿಗೂ ಅದೇ ಹೆಸರು. ಆದುದರಿಂದ ಸೈಡ್‌ಬೋರ್ಡು ಎಂಬುದಕ್ಕೆ ಪಾರ್ಶ್ವದಲ್ಲಿರುವ ಹಲಗೆಯೆಂದು ಯೋಗಾರ್ಥ. ಬಟ್ಟಲುಗಳನ್ನಿಡುವ ಹಲಗೆಯೆಂಬ ಅರ್ಥದ ಕಪ್‌ಬೋರ್ಡು ಎಂಬ ಶಬ್ದವು ಕ್ರಮೇಣ ಬಾಗಿಲುಳ್ಳ ಕಪಾಟಿಗೆ ರೂಢವಾದಂತೆ, ಈ ಶಬ್ದವೂ ಬರಿಯ ಹಲಗೆಯನ್ನು ಬಿಟ್ಟು, ಖಾನೆಗಳಿಂದ ಕೂಡಿ ಗೋಡೆಗೆ ಸೇರಿಸಿಡುವ ದೊಡ್ಡ ಪೀಠಕ್ಕೆ ಸಂದಿತು. ಇಟಲಿಯಲ್ಲಿ ಇದರ ಜಾತಿಯ ಪೀಠಕ್ಕೆ ಕ್ರೆದೆಂತ್ಸಾ ಎಂದು ಹೆಸರು. ಆ ಶಬ್ದಕ್ಕೆ ನಂಬಿಕೆಯೆಂದರ್ಥ. ಪ್ರಭುಗಳಿಗೆ ಬಡಿಸುವುದಕ್ಕೆ ಮುಂಚೆ ಆಹಾರದಲ್ಲಿ ವಿಷವಿಲ್ಲವೆಂದು ರುಚಿನೋಡಿ ನಂಬಿಕೆ ಹುಟ್ಟಿಸುವ ಕಾರ್ಯಕ್ಕೆ ಸಲ್ಲುತ್ತಿದ್ದ ಆ ಹೆಸರು, ಅನಂತರ ಆ ಪೀಠಕ್ಕೇ ನಿಂತಿತು.

ಹದಿನೆಂಟನೆಯ ಶತಮಾನದ ಮಧ್ಯದವರೆಗೂ ಇಂಗ್ಲೆಂಡಿನಲ್ಲಿ ಇದು ಖಾನೆಗಳಿಲ್ಲದ ಉದ್ದನೆಯ ಮೇಜಾಗಿಯೇ ಇದ್ದಿತು. ೧೭೫೪ರಲ್ಲಿ ಥಾಮಸ್ ಚಿಪ್ಪೆಂಡೇಲನು ಪ್ರಕಟಿಸಿದ ನಮೂನೆಗಳ ಗ್ರಂಥದಲ್ಲಿ ಕಾಣುವುದು ಇಂತಹ ಮೇಜುಗಳೇ. ಬಳಿಕ ರಾಬರ್ಟ್ ಆಡಂ (೧೭೨೮–೧೭೯೨) ಎಂಬ ಶಿಲ್ಪಿಯು ಮೇಜಿನ ಎರಡು ಪಕ್ಕಗಳಲ್ಲಿಯೂ ಒಂದೊಂದು ಪೀಠಸ್ತಂಭವನ್ನು ನಿಲ್ಲಿಸಿ, ಅವುಗಳ ಮೇಲೆ ಕಲಶಗಳನ್ನಿಡುವ ಕ್ರಮವನ್ನು ಪ್ರಚಾರಕ್ಕೆ ತಂದನು. ಈ ಬಿಡಿಭಾಗಗಳು ಒಂದಾಗಿ, ಖಾನೆಗಳುಳ್ಳ ಪೂರ್ಣರೂಪದ ಸೈಡ್‌ಬೋರ್ಡಿನ ಚಿತ್ರಗಳು ೧೭೮೮ರಲ್ಲಿ ಅಚ್ಚಾದ ಎರಡು ಗ್ರಂಥಗಳಲ್ಲಿ ದೊರೆಯುತ್ತವೆ. ಒಂದು, ಥಾಮಸ್ ಶಿಯರರನ ಚಿತ್ರಗಳುಳ್ಳ ಲಂಡನ್ ಬಡಗಿಗಳ ದರಪಟ್ಟಿ; ಮತ್ತೊಂದು, ೧೭೮೬ರಲ್ಲಿ ತೀರಿಕೊಂಡ ಜಾರ್ಜ್ ಹೆಪ್ಪಲ್‌ವೈಟನ ಹೆಸರಿನಲ್ಲಿ ಅವನ ಪತ್ನಿ ಆಲಿಸಳು ಪ್ರಕಟಿಸಿದ ಮಾರ್ಗದರ್ಶಿ.

ಹೆಪ್ಪಲ್‌ವೈಟನ ಗ್ರಂಥವು ಚಿತ್ರವನ್ನು ಕೊಡುವುದಲ್ಲದೆ ಪ್ರತಿಯೊಂದು ಖಾನೆಯ ಉಪಯೋಗವನ್ನೂ ವಿವರಿಸುತ್ತದೆ. ಬಲಗಡೆಯ ಖಾನೆಯಲ್ಲಿ ಒಂಬತ್ತು ಸೀಸೆಗಳಿಗೆ ಮನೆಗಳು. ಅದರ ಹಿಂದೆ ಕೈವಸ್ತ್ರಗಳಿಗೆ ಸ್ಥಳ. ಎಡಗಡೆಯ ಖಾನೆಯಲ್ಲಿ ಎರಡು ಭಾಗಗಳು: ಹಿಂದಣದು ಬೆಳ್ಳಿಯ ಪಾತ್ರೆಗಳಿಗಾಗಿ ಹಸಿರು ಬಟ್ಟೆ ಹೊದಿಸಿದುದು, ಮುಂದಣದು ಸೀಸದ ತಗಡನ್ನು ಹೊದಿಸಿ ನೀರು ತುಂಬಿ, ಗಾಜಿನ ಲೋಟಗಳನ್ನು ತೊಳೆಯುವುದಕ್ಕಾಗಿ ಮಾಡಿದುದು. ಕೊಳೆನೀರನ್ನು ಬಿಡುವುದಕ್ಕೆ ಇದರ ತಳದಲ್ಲಿ ಬಿರಡೆಯಿರಬೇಕು. ದ್ರಾಕ್ಷಾಮದ್ಯವನ್ನು ತಣ್ಣಗಿಡುವ ನೀರನ್ನು ಬದಲಿಸುವುದಕ್ಕೆ ಸೀಸೆಗಳ ಖಾನೆಗೂ ಹಾಗೆಯೇ ಇರಬೇಕು. ನಡುವಣ ಉದ್ದನೆಯ ಖಾನೆಯು ಮೇಜಿನ ವಸ್ತ್ರಗಳಿಗೆ. ಪೀಠಸ್ತಂಭಗಳಲ್ಲಿ ಒಂದು, ಒಳಗೆ ತಗಡು ಹೊದಿಸಿ, ಕಾಯಿಸಿದ ಕಬ್ಬಿಣವನ್ನಿಟ್ಟು ತಟ್ಟೆಗಳನ್ನು ಬೆಚ್ಚಗಿಡುವ ಕಪಾಟು. ಮತ್ತೊಂದು ಮೂತ್ರಪಾತ್ರೆಯನ್ನಿಡುವ ಸ್ಥಳ. ಭೋಜನಶಾಲೆಯಲ್ಲಿಯೇ ಅದಕ್ಕೆ ಎಡೆಯಿದ್ದುದು ಈ ದೇಶದ ವಾಚಕರಿಗೆ ಆಶ್ಚರ್ಯವೆನಿಸಬಹುದು. ಶುಚಿ ಅಶುಚಿಗಳ ವಿಭಾಗವು ದೇಶಕಾಲಗಳನ್ನನುಸರಿಸಿ ಭಿನ್ನವಾಗುವುದಕ್ಕೆ ಇದೂ ಒಂದು ಪ್ರಮಾಣ. ಬೆಳ್ಳಿಯೂ ಗಾಜೂ ವಿರಳವಾಗಿದ್ದ ಕಾಲದಲ್ಲಿ ಸೇವಕನು ಊಟದ ಮಧ್ಯದಲ್ಲಿಯೇ ಅವುಗಳನ್ನು ತೊಳೆದು ಮತ್ತೆ ಬಡಿಸುತ್ತಿದ್ದನು. ಮೇಲೆ ಯಜಮಾನನ ವೈಭವ, ಒಳಗೆ ಸೇವಕನ ಶ್ರಮ: ಈ ಎರಡೂ ಸೇರಿಯೇ ಸೈಡ್‌ಬೋರ್ಡಿನ ಲಕ್ಷಣ.

ಇದಕ್ಕೆ ಬಳಸಿದ ಮುಖ್ಯವಾದ ಮರವು ಮಹಾಗನಿ. ೧೭೨೧ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಮೆರಿಕದ ವಸಾಹತುಗಳ ಮರಗಳ ಮೇಲಣ ಸುಂಕವನ್ನು ತೆಗೆದುಹಾಕಿದ ಮೇಲೆ, ಜಮೈಕಾ ದ್ವೀಪದಿಂದಲೂ ಅನಂತರ ಹೊಂಡುರಾಸ್ ಕೊಲ್ಲಿಯ ತೀರದಿಂದಲೂ ಈ ಮರವು ಲಂಡನ್ನಿಗೆ ಹೇರಳವಾಗಿ ಬಂದಿತು. ಅದನ್ನು ಕಡಿದು ಸಾಗಿಸಿದವರು ಆಫ್ರಿಕದಿಂದ ತಂದ ಗುಲಾಮರು ಮತ್ತು ಅವರ ಸಂತತಿಯವರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಶಾಸನವು ಬಂದುದು ೧೮೩೩ರಲ್ಲಿ. ಅದಕ್ಕೆ ಮುಂಚಿನ ಮಹಾಗನಿಯ ಹೊಳಪಿನ ಹಿಂದೆ ಈ ಕಥೆಯೂ ಅಡಗಿದೆ. ಅಲಂಕಾರಕ್ಕಾಗಿ ಒಳಗೂಡಿಸಿದ ಹೊಂಬಣ್ಣದ ಸ್ಯಾಟಿನ್‌ವುಡ್ ವೆಸ್ಟ್ ಇಂಡೀಸಿನಿಂದಲೂ ಪೂರ್ವದೇಶಗಳಿಂದಲೂ ಬರುತ್ತಿತ್ತು. ಈ ಪೂರ್ವದೇಶದ ಜಾತಿಯು ಕನ್ನಡನಾಡಿನ ಒಣಕಾಡುಗಳಲ್ಲಿ ಬೆಳೆಯುವ ಹುರುಗಲು ಮರವೇ ಆಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಡಿಸುವ ಪದ್ಧತಿಯು ಬದಲಾಯಿತು. ಎಲ್ಲ ಭಕ್ಷ್ಯಗಳನ್ನೂ ಮೇಜಿನ ಮೇಲೆ ಒಮ್ಮೆಗೆ ಜೋಡಿಸುವುದನ್ನು ಬಿಟ್ಟು, ರಷ್ಯನ್ ಪದ್ಧತಿಯೆಂದು ಹೆಸರಾದ ಕ್ರಮದಂತೆ ಒಂದಾದಮೇಲೊಂದನ್ನು ಸೇವಕರು ತಂದು ಬಡಿಸತೊಡಗಿದರು. ಪಾತ್ರೆ ತೊಳೆಯುವ ಕಾರ್ಯವು ಬೇರೆ ಕೋಣೆಗೆ ಹೋಯಿತು. ಸೈಡ್‌ಬೋರ್ಡು ಭಾರವಾಗಿ, ಕನ್ನಡಿಯನ್ನೂ ಕೆತ್ತನೆಯನ್ನೂ ಧರಿಸಿ, ಪ್ರದರ್ಶನಪೀಠವಾಯಿತು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟಿದ್ದ ಕೆನಿಲ್‌ವರ್ತ್ ಪೀಠವು ಇದಕ್ಕೆ ನಿದರ್ಶನ. ೧೫೭೫ರಲ್ಲಿ ಎಲಿಜಬೆತ್ ರಾಣಿಯು ಕೆನಿಲ್‌ವರ್ತಿಗೆ ಬಂದ ವೃತ್ತಾಂತವು ಅದರ ಓಕ್ ಮರದಲ್ಲಿ ಕೆತ್ತಲ್ಪಟ್ಟಿದೆ. ಇದಕ್ಕೆ ವಿರುದ್ಧವಾಗಿ ಇ. ಡಬ್ಲ್ಯು. ಗಾಡ್ವಿನನು ೧೮೬೭ರ ಸುಮಾರಿನಲ್ಲಿ ಜಪಾನಿನ ಕಲೆಯನ್ನು ನೋಡಿ, ಕೆತ್ತನೆಯಿಲ್ಲದೆ ಬರಿಯ ಗೆರೆಗಳಿಂದಲೇ ಶೋಭಿಸುವ ಕಪ್ಪುಬಣ್ಣದ ಸೈಡ್‌ಬೋರ್ಡನ್ನು ಕಲ್ಪಿಸಿದನು.

ಇನ್ನು ಪರೀಕ್ಷೆಯ ವಿಷಯ. ಕೈಯಿಂದ ಮಾಡಿದ ಖಾನೆಗಳ ಮೂಲೆಗಳಲ್ಲಿ, ಪಾರಿವಾಳದ ಬಾಲದಂತೆ ಹರಡಿದ ಹಲ್ಲುಗಳು ಸ್ವಲ್ಪ ವಿಷಮವಾಗಿರುತ್ತವೆ, ಯಂತ್ರದವು ಸಮನಾಗಿರುತ್ತವೆ. ಕೈಗರಗಸದ ಗುರುತು ನೇರವಾದುದು. ಚಕ್ರದ ಗರಗಸದ ಗುರುತು ಬಿಲ್ಲಿನಂತೆ ಬಾಗಿದುದು. ಕೈಯಿಂದ ಕೊಯ್ದ ಹೊದಿಕೆಯ ಹಲಗೆಯು ದಪ್ಪ. ಯಂತ್ರದ್ದು ಕಾಗದದಂತೆ ತೆಳು. ಮೊನೆಯುಳ್ಳ ತಿರುಪುಮೊಳೆಯು ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದೀಚೆಗೆ ಬಳಕೆಗೆ ಬಂದುದು. ಆದರೆ ಇವುಗಳಲ್ಲಿ ಒಂದೇ ಹೇತುವಿನಿಂದ ನಿರ್ಣಯಮಾಡಲಾಗದು. ಹಳೆಯ ವಸ್ತುವಿಗೆ ಹೊಸ ಮೊಳೆಯನ್ನು ಹಾಕಿರಬಹುದು, ಹಳೆಯ ಹಲಗೆಯಿಂದ ಹೊಸ ವಸ್ತುವನ್ನು ಮಾಡಿರಬಹುದು. ಆದುದರಿಂದ ಬಿಡಿಯಾದ ಹೇತುವು ವ್ಯಭಿಚರಿಸುತ್ತದೆ. ಹಲವು ಹೇತುಗಳು ಕೂಡಿ ಒಂದೇ ಕಡೆಗೆ ನಡೆದರೆ ಮಾತ್ರ ನಿರ್ಣಯವು ದೃಢವಾಗುವುದು.

ಬರಿಯ ವರ್ಷಗಣನೆಯು ಇಲ್ಲಿ ಏಕೆ ಸಾಲದೆಂಬುದೂ ಸ್ಪಷ್ಟವಾಗುತ್ತದೆ. ಭಾರತದ ೧೯೭೨ರ ಪುರಾವಸ್ತು ಶಾಸನವು ಸಾಮಾನ್ಯವಾಗಿ ೧೦೦ ವರ್ಷಗಳ ಅವಧಿಯನ್ನು ಗೊತ್ತುಮಾಡಿದೆ. ಅಮೆರಿಕದ ಸುಂಕದ ಶಾಸನವು ೧೯೩೦ರಲ್ಲಿ ೧೮೩೦ಕ್ಕೆ ಮುಂಚಿನದೆಂದು ಹೇಳಿ, ೧೯೬೬ರಲ್ಲಿ ೧೦೦ ವರ್ಷಗಳೆಂದು ಬದಲಿಸಿತು. ದ್ರಾಕ್ಷಿಯ ಸುಗ್ಗಿಯಿಂದ ಬಂದ ವಿಂಟೇಜ್ ಎಂಬ ಮಾತು, ಅಷ್ಟು ವಯಸ್ಸಾಗದ, ಆದರೆ ತನ್ನ ಕಾಲದ ಗುಣವುಳ್ಳ ವಸ್ತುಗಳಿಗೆ ಸಲ್ಲುತ್ತದೆ. ೧೯೫೦–೬೦ರ ದಶಕಗಳ ಡೆನ್ಮಾರ್ಕಿನ ತೇಗದ ಸೈಡ್‌ಬೋರ್ಡುಗಳು ಅಂತಹವು. ಹೀಗಿರಲು, ೧೮೯೦ರ ದಶಕದಲ್ಲಿ ಹೆಪ್ಪಲ್‌ವೈಟನ ನಮೂನೆಯನ್ನು ನೋಡಿ ಮಾಡಿದ ಅನುಕೃತಿಗೂ ಈಗ ನೂರು ವರ್ಷ ಮೀರಿದೆ. ಶಾಸನದ ದೃಷ್ಟಿಯಿಂದ ಅದೂ ಹಳೆಯದೇ. ಆದರೆ ಅದನ್ನು ಮಾಡಿದ ಕಾಲದಲ್ಲಿ ಊಟದ ಮಧ್ಯೆ ಲೋಟ ತೊಳೆಯುವವರಿರಲಿಲ್ಲವಾದುದರಿಂದ, ನೀರು ಬಿಡುವ ರಂಧ್ರವನ್ನು ಮಾಡುವ ಅಗತ್ಯವೂ ಬಡಗಿಗೆ ಇರಲಿಲ್ಲ. ರೂಪವನ್ನು ಅನುಕರಿಸುವುದು ಸುಲಭ. ನಿಂತುಹೋದ ಉಪಯೋಗವನ್ನು ಅನುಕರಿಸುವವರು ವಿರಳ.

ಆದುದರಿಂದ ಈಗ ನಿಷ್ಪ್ರಯೋಜಕವಾಗಿ ಕಾಣುವ ಭಾಗಗಳೇ ಪರೀಕ್ಷಕನಿಗೆ ಅತ್ಯಂತ ಪ್ರಯೋಜಕವಾದವು. ಶೋಚನೀಯವಾದ ಸಂಗತಿಯೆಂದರೆ, ದುರಸ್ತಿಯಲ್ಲಿ ಮೊದಲು ನಾಶವಾಗುವುದೂ ಇವೇ. ಹೆಪ್ಪಲ್‌ವೈಟನು ಹೇಳಿದ ಅಗಲವು ೨೮ರಿಂದ ೩೨ ಅಂಗುಲ; ಚಿಕ್ಕ ಮನೆಗಳಿಗೆ ಇದು ಹೆಚ್ಚಾಗಿ, ಅನೇಕ ಸೈಡ್‌ಬೋರ್ಡುಗಳನ್ನು ಹಿಂದುಗಡೆ ಕೊಯ್ದು ಕಿರಿದುಮಾಡಿದ್ದಾರೆ. ಸೀಸವನ್ನು ಕಿತ್ತು, ರಂಧ್ರಕ್ಕೆ ಬೆಣೆಹೊಡೆದು, ಹಿತ್ತಾಳೆಯ ಕಂಬಿಯನ್ನು ತೆಗೆದು, ಮೈಯನ್ನು ಹೊರೆದು ಹೊಸ ಮೆರುಗನ್ನು ಕೊಟ್ಟಿದ್ದಾರೆ. ಸೀಸವು ವಿಷವಾದುದರಿಂದ ಆ ಖಾನೆಯಲ್ಲಿ ಆಹಾರವನ್ನಿಡಬಾರದೆಂಬುದು ಸರಿ. ಅದಕ್ಕಾಗಿ ತಗಡನ್ನು ಕೀಳಬೇಕಾಗಿಲ್ಲ, ಖಾನೆಯನ್ನು ಬಳಸದೆ ಮುಚ್ಚಿಟ್ಟರೆ ಸಾಕು. ಇಂತಹ ವಸ್ತುವುಳ್ಳವರು ದುರಸ್ತಿಗೆ ಮುಂಚೆ ಖಾನೆಗಳ ಒಳಭಾಗವನ್ನೂ ಹಿಂಭಾಗವನ್ನೂ ಚಿತ್ರತೆಗೆದು ಅಳತೆಗಳನ್ನು ಬರೆದಿಡತಕ್ಕದ್ದು. ಅನಿವಾರ್ಯವಾಗಿ ತೆಗೆದ ಭಾಗವನ್ನು ಬಿಸಾಡದೆ ವಸ್ತುವಿನೊಡನೆಯೇ ಕಾಪಾಡತಕ್ಕದ್ದು. ಯಜಮಾನರ ವೈಭವಕ್ಕೆ ಚಿತ್ರಗಳೂ ಪತ್ರಗಳೂ ಸಾಕಷ್ಟು ಉಳಿದಿವೆ. ಮೇಜಿನ ಪಕ್ಕದಲ್ಲಿ ನಿಂತು ಲೋಟ ತೊಳೆದವನ ವಿಷಯದಲ್ಲಿ ಆ ರಂಧ್ರದಷ್ಟು ನೇರವಾದ ಸಾಕ್ಷಿಗಳು ಹೆಚ್ಚಿಲ್ಲ.