ಮರಿಗೆ ಲಸಿಕೆ ಆಯ್ತು, ಕರಿಯನ ಕತೆ ಏನು?

ನಮ್ಮ ಕರಿಯ ಹೊನ್ನಾಳಿಯ ಬೀದಿಯಲ್ಲಿ ಹುಟ್ಟಿದ ನಾಟಿ ನಾಯಿ. ವಯಸ್ಸು ಆರು. ಕಳೆದ ಬೇಸಿಗೆಯಲ್ಲಿ ಊಟ ಬಿಟ್ಟ. ಒಸಡು ಬಿಳಿಚಿಕೊಂಡಿತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು. ಆಟೊ ಮಾಡಿಕೊಂಡು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ದೆವು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಅವನ ಕೆಂಪು ರಕ್ತಕಣಗಳನ್ನು ನಾಶ ಮಾಡುತ್ತಿತ್ತು. ಆ ಶಕ್ತಿಯನ್ನು ತಗ್ಗಿಸಲು ಪ್ರೆಡ್ನಿಸೊಲೋನ್ ಮಾತ್ರೆ ಶುರುವಾಯಿತು. ಕರಿಯ ಚೇತರಿಸಿಕೊಂಡ. ಆದರೆ ಬೇರೆ ಸೋಂಕು ತಗುಲಿದರೆ ಎದುರಿಸುವ ಬಲ ಅವನಲ್ಲಿ ಕಡಿಮೆಯಾಗಿತ್ತು.

ಅಷ್ಟರಲ್ಲಿ ತಂಗಿ ನ್ಯಾಮತಿಯ ಚಿಕ್ಕಮ್ಮನ ಮನೆಯಿಂದ ಎಂಟು ವಾರದ ಎರಡು ಮರಿ ತಂದಳು. ಹಿಂದಿನ ದಿನವಷ್ಟೇ ಮೊದಲ ಲಸಿಕೆ ಆಗಿತ್ತು. 'ಇಂಜೆಕ್ಷನ್ ಆಗೈತಲ್ಲ, ಇನ್ನೇನು ಭಯ?' ಎಂದರು ಅಪ್ಪ. 'ಇಂಜೆಕ್ಷನ್ ಮಾಡ್ಸಿದ ಮರಿಯಿಂದ್ಲೇ ರೋಗ ಬರ್ತೈತಿ, ವಾಪಸ್ ಕಳ್ಸಿಬಿಡ್ರಿ' ಎಂದು ಜಗಳೂರಿನಿಂದ ಮಾವ ಫೋನ್ ಮಾಡಿದರು. ತಂಗಿ ಅಳತೊಡಗಿದಳು. ನಾನು ಪರೀಕ್ಷೆಯ ಪುಸ್ತಕ ಮಡಚಿ ಡಾಕ್ಟರಿಗೆ ಫೋನ್ ಮಾಡಿದೆ.

ಅಪ್ಪ, ಮಾವ ಇಬ್ಬರ ಮಾತೂ ಅರ್ಧ ಸತ್ಯ ಎಂದು ಆಗ ತಿಳಿಯಿತು. ರೇಬಿಸ್ ಲಸಿಕೆಯಲ್ಲಿರುವುದು ಸತ್ತ ವೈರಾಣು, ಅದು ಯಾರಿಗೂ ಹರಡುವುದಿಲ್ಲ. ಪಾರ್ವೊ ಲಸಿಕೆಯಲ್ಲಿರುವುದು ಜೀವಂತ, ಆದರೆ ಬಲ ಕುಂದಿಸಿದ ವೈರಾಣು. ಅದು ಕೆಲವು ದಿನ ಮರಿಯ ಮಲದಲ್ಲಿ ಬರಬಹುದು. ಹಿಂದೆ ಲಸಿಕೆ ಪಡೆದ ದೊಡ್ಡ ನಾಯಿಗೆ ಅದರಿಂದ ಅಪಾಯ ತೀರಾ ಕಡಿಮೆ. ಆದರೂ ಮಾತ್ರೆಯಲ್ಲಿರುವ ನಾಯಿಯನ್ನು ಆ ಮಲದಿಂದ ದೂರ ಇಡುವುದು ಒಳ್ಳೆಯದು.

ನಿಜವಾದ ಭಯ ಬೇರೆ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆಯೇ ಮರಿಯ ಲಸಿಕೆಗೆ ಅಡ್ಡ ಬರುತ್ತದೆ. ಅದಕ್ಕೇ ಎರಡರಿಂದ ನಾಲ್ಕು ವಾರಕ್ಕೊಂದರಂತೆ, ಮರಿಗೆ 16 ವಾರ ತುಂಬುವವರೆಗೂ ಲಸಿಕೆ ಹಾಕಿಸಬೇಕು. ಅಲ್ಲಿಯವರೆಗೆ ಮರಿಗೇ ಬೀದಿಯ ಪಾರ್ವೊ ತಗುಲಬಹುದು. ಚನ್ನಗಿರಿಯ ನನ್ನ ಗೆಳೆಯನ ಮನೆಯ ಮರಿ ಮೊದಲ ಡೋಸ್ ಆದ ವಾರದಲ್ಲೇ ರಕ್ತಭೇದಿಯಾಗಿ ಸತ್ತಿತು. ಲಸಿಕೆಗೆ ಮೊದಲೇ ಸೋಂಕು ಒಳಗೆ ಸೇರಿದ್ದಿರಬಹುದು ಎಂದರಂತೆ ಅಲ್ಲಿನ ಡಾಕ್ಟರು.

ಮರಿಗಳನ್ನು ವಾಪಸ್ ಕಳಿಸಲಿಲ್ಲ. ಹಿತ್ತಲ ಕೊಟ್ಟಿಗೆ ಅವುಗಳದಾಯಿತು, ನಡುಮನೆ ಕರಿಯನದು. ತಟ್ಟೆ, ನೀರಿನ ಬಟ್ಟಲು, ಗೋಣಿಚೀಲ ಎಲ್ಲ ಬೇರೆ ಬೇರೆ. ಮೊದಲು ಕರಿಯನಿಗೆ ಊಟ, ಆಮೇಲೆ ಮರಿಗಳಿಗೆ. ಕೊಟ್ಟಿಗೆಗೆ ಹೋಗಲು ಬೇರೆ ಚಪ್ಪಲಿ. ಪಾರ್ವೊ ಸೋಪಿಗೂ ಸ್ಯಾನಿಟೈಸರಿಗೂ ಸಾಯುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಮಲ ತೆಗೆದು, ನೆಲ ತೊಳೆದು, 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಸುರಿದು ಹತ್ತು ನಿಮಿಷ ಬಿಡುತ್ತಿದ್ದೆವು. ದಿನಾ ಸಂಜೆ ಮೂರಕ್ಕೂ ಉಣ್ಣೆ ನೋಡುವುದು ತಂಗಿಯ ಕೆಲಸ. ಉಣ್ಣೆಯಿಂದ ಬರುವ ಜ್ವರವೂ ಕರಿಯನ ಕಾಯಿಲೆಯನ್ನು ಕೆರಳಿಸಬಲ್ಲದು.

ಕರಿಯನಿಗೆ ಜೀವಂತ ವೈರಾಣುವಿನ ಲಸಿಕೆ ಸದ್ಯಕ್ಕೆ ಬೇಡ, ರೇಬಿಸ್ ಲಸಿಕೆ ಯಾವಾಗ ಎನ್ನುವುದನ್ನು ರಕ್ತ ಪರೀಕ್ಷೆ ನೋಡಿ ಹೇಳುತ್ತೇನೆ ಎಂದರು ಡಾಕ್ಟರು. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದರು.

ನನ್ನ ಕೋಣೆಯ ಕ್ಯಾಲೆಂಡರಿನಲ್ಲಿ ಕೆಪಿಎಸ್‌ಸಿ ಪರೀಕ್ಷೆ ದಿನಾಂಕದ ಪಕ್ಕದಲ್ಲೇ ಮರಿಗಳ ಡೋಸ್ ದಿನಾಂಕಗಳೂ ಸೇರಿದವು. 'ಓದೋ ಹುಡುಗನಿಗೆ ಇದೆಲ್ಲ ಯಾಕೆ?' ಎಂದು ಪಕ್ಕದ ಮನೆಯವರು ಕೇಳಿದ್ದುಂಟು. ದಿನಕ್ಕೆ ಹಿಡಿಯುತ್ತಿದ್ದುದು ಮುಕ್ಕಾಲು ಗಂಟೆ. ಕೊನೆಯ ಡೋಸ್ ಮುಗಿದು ಎರಡು ವಾರ ಕಳೆದ ಮೇಲೆ, ಡಾಕ್ಟರ್ ಒಪ್ಪಿಗೆ ಪಡೆದು ಮೂರನ್ನೂ ಅಂಗಳಕ್ಕೆ ಬಿಟ್ಟೆವು. ಮರಿಗಳ ಚೂಪು ಹಲ್ಲು ಕರಿಯನ ಕಿವಿಗೆ ತಾಗದಂತೆ ಒಬ್ಬರು ಅಲ್ಲೇ ಕೂರುತ್ತೇವೆ. ಮಾತ್ರೆಯಲ್ಲಿರುವವನ ಗಾಯ ಬೇಗ ಮಾಯುವುದಿಲ್ಲ.

ಮನೆಯಲ್ಲಿ ಕಾಯಿಲೆಯ ನಾಯಿ ಇದ್ದು, ಗೆಳೆಯರು ಮುದ್ದಾದ ಮರಿ ಕೊಡಲು ಬಂದರೆ ಅವರನ್ನು ಎರಡೇ ಪ್ರಶ್ನೆ ಕೇಳಿ: ಮರಿಗೆ ಎಷ್ಟು ವಾರ? ಎಷ್ಟನೇ ಡೋಸ್ ಆಗಿದೆ? ಉತ್ತರ ಕೇಳಿ ಅದನ್ನು ಎಷ್ಟು ದಿನ ಬೇರೆ ಇಡಬೇಕು ಎಂದು ನಿಮ್ಮ ಪಶುವೈದ್ಯರು ಹೇಳುತ್ತಾರೆ. ಬೇರೆ ಇಡಲು ಜಾಗವೇ ಇಲ್ಲದಿದ್ದರೆ, ಡೋಸ್ ಮುಗಿಯುವವರೆಗೆ ಮರಿ ಅವರ ಮನೆಯಲ್ಲೇ ಬೆಳೆಯಲಿ.